ನಾಲ್ಕು ಸಲ ಬಿಚ್ಚಿದ ಮೈನಸ್ ವೈರು

ಆ ಬೂದು ಬಣ್ಣದ ಕಾರಿನ ಬ್ಯಾಟರಿಯ ಮೈನಸ್ ವೈರನ್ನು ನಾನು ಒಟ್ಟು ನಾಲ್ಕು ಸಲ ಬಿಚ್ಚಿದ್ದೇನೆ. ಮೂರು ಸಲ ಅದು ನನಗೆ ದಿನನಿತ್ಯದ ಕೆಲಸವಾಗಿತ್ತು. ನಾಲ್ಕನೆಯ ಸಲ ಯಾಕೆ ಬಿಚ್ಚಬೇಕಾಯಿತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿದರೆ ನನ್ನ ತಪ್ಪು ಇದ್ದದ್ದಕ್ಕಿಂತ ಸಣ್ಣದಾಗಿ ಕಂಡೀತು ಎಂಬ ಹೆದರಿಕೆ ನನಗಿದೆ.

ಪುಣೆಯ ಕೋಥರೂಡದಲ್ಲಿ ನನ್ನದು ಬ್ಯಾಟರಿ ಅಂಗಡಿ. ಲೋಡ್‌ಶೆಡ್ಡಿಂಗ್ ಜೋರಾಗಿದ್ದ ವರ್ಷಗಳವು. ಮನೆಮನೆಗೂ ಇನ್ವರ್ಟರ್ ಬಂದಿತ್ತು. ಅಂಗಡಿಯ ಮುಂದಿನ ಕಟ್ಟೆಯವರೆಗೂ ಇನ್ವರ್ಟರ್ ಬ್ಯಾಟರಿಗಳನ್ನು ಜೋಡಿಸಿಟ್ಟಿರುತ್ತಿದ್ದೆ. ಕಾರಿನ ಕೆಲಸವನ್ನು ಅವುಗಳ ನಡುವೆ ಹೇಗೋ ಮುಗಿಸುತ್ತಿದ್ದೆ. ಒಂದು ಕಾರಿನ ಬ್ಯಾಟರಿ ಬದಲಿಸಲು ನನಗೆ ಹನ್ನೆರಡು ನಿಮಿಷ ಸಾಕಿತ್ತು. ಅದನ್ನು ನಾನು ಜನರಿಗೆ ಹೇಳಿಕೊಳ್ಳುತ್ತಲೂ ಇದ್ದೆ.

ಕಾರು ಬಂದದ್ದು ಒಂದು ಗುರುವಾರ ಬೆಳಗ್ಗೆ. ಅದರ ಯಜಮಾನಿ ನಮ್ಮ ಬೆಳಗಾವಿ ಕಡೆಯವರು, ಪುಣೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಕಲಿಸುವ ಹೆಂಗಸರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಬಾಯಾರು ಎನ್ನುತ್ತಿದ್ದೆ. ಸೊಂಟದ ಶಸ್ತ್ರಚಿಕಿತ್ಸೆಯಾಗಿ ವಾರಕ್ಕೆ ಮೂರು ದಿನ ವ್ಯಾಯಾಮ ಚಿಕಿತ್ಸೆಗೆ ಹೋಗುತ್ತಿದ್ದರು. ರಿಕ್ಷಾದ ಕುಲುಕಾಟ ಅವರಿಗೆ ಆಗುತ್ತಿರಲಿಲ್ಲ, ಆದ್ದರಿಂದ ಕಾರು ನಿಂತರೆ ಚಿಕಿತ್ಸೆಯೂ ನಿಲ್ಲುತ್ತಿತ್ತು. ಕಾರು ನಡೆಸುತ್ತಿದ್ದವರು ಪುಣೆ ಜಿಲ್ಲೆಯ ಶಿರೂರು ಕಡೆಯ ಮರಾಠಿ ಮನುಷ್ಯ, ಅರವತ್ತರ ಹತ್ತಿರದವರು. ಬಾಯಾರ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದರು. ಪುಣೆಯಲ್ಲಿ ಎಲ್ಲರೂ ಕರೆಯುವಂತೆ ನಾನೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ನಮ್ಮಿಬ್ಬರ ಮಾತೆಲ್ಲ ಮರಾಠಿಯಲ್ಲಿ.

ಬೆಳಗ್ಗೆ ಕೀ ತಿರುಗಿಸಿದರೆ ಬರೀ ಟಕ್‌ಟಕ್ ಶಬ್ದ ಬರುತ್ತದೆ, ನಾಲ್ಕು ಜನ ದೂಡಿ ಚಾಲೂ ಮಾಡಿಸಿ ತಂದೆ ಎಂದರು ಕಾಕಾ. ಹಳೆಯ ಬ್ಯಾಟರಿಯನ್ನು ಒಂದು ದಿನ ಚಾರ್ಜಿಗೆ ಹಾಕಿ ನೋಡುವುದು, ಅಲ್ಲಿಯವರೆಗೆ ಗಿರಾಕಿಗೆ ಅಂಗಡಿಯದೇ ಒಂದು ಬ್ಯಾಟರಿ ಕೊಟ್ಟು ಕಳಿಸುವುದು ನಮ್ಮ ರೂಢಿ. ಹತ್ತು ನಂಬರಿನ ಪಾನಾ, ಅಂದರೆ ಸ್ಪ್ಯಾನರಿನಿಂದ ಮೈನಸ್ ವೈರು ಬಿಚ್ಚಿದೆ. ಇದು ಒಂದನೆಯ ಸಲ. ಹಳೆಯದನ್ನು ಇಳಿಸಿ ಅಂಗಡಿಯದನ್ನು ಕೂರಿಸಿದೆ. ಶನಿವಾರದ ಹೊತ್ತಿಗೆ ಹಳೆಯ ಬ್ಯಾಟರಿ ಚಾರ್ಜ್ ಹಿಡಿಯುವುದಿಲ್ಲ ಎಂದು ಖಾತ್ರಿಯಾಯಿತು. ಮತ್ತೆ ಮೈನಸ್ ಬಿಚ್ಚಿ ಹೊಸದನ್ನು ಹಾಕಿದೆ. ಅದು ಎರಡನೆಯ ಸಲ.

ವೈರು ಬಿಚ್ಚಿದರೆ ಕಾರು ಕೆಲವು ಸಂಗತಿಗಳನ್ನು ಮರೆಯುತ್ತದೆ ಎಂದು ನನಗೆ ಗೊತ್ತಿತ್ತು. ಗಡಿಯಾರ ಒಂದು ಗಂಟೆಗೆ ಹೋಗಿ ಮಿಣುಕುತ್ತಿತ್ತು. ರೇಡಿಯೊ ಗುಪ್ತ ಸಂಖ್ಯೆ ಕೇಳುತ್ತಿತ್ತು. ಸಂಖ್ಯೆಯ ಚೀಟಿ ಕಾರಿನ ಕೈಪಿಡಿಯೊಳಗೆ ಇದೆ ಎಂದು ಕಾಕಾ ಡ್ಯಾಶ್‌ಬೋರ್ಡಿನ ಖಾನೆಯಿಂದ ಅದನ್ನು ತೆಗೆದುಕೊಟ್ಟರು. ಬ್ಯಾಟರಿಯ ಅಧ್ಯಾಯದಲ್ಲೇ ಚೀಟಿ ಇಟ್ಟಿದ್ದರು. ಪುಟದ ಮೇಲೆ ಚೌಕಟ್ಟು ಹಾಕಿ ಏನೋ ಬರೆದದ್ದನ್ನು ನಾನು ಕಂಡೆ. ಓದಲಿಲ್ಲ. ಚೀಟಿ ತೆಗೆದುಕೊಂಡು ಪುಸ್ತಕ ಮುಚ್ಚಿದೆ. ಸಂಖ್ಯೆ ಒತ್ತಿ, ಗಡಿಯಾರ ಸರಿಪಡಿಸಿ, ಬಾಯಾರು ಕೇಳುವ ಮೂರು ಸ್ಟೇಷನ್ನುಗಳನ್ನು ಕಾಕಾ ಹೇಳಿದ ಹಾಗೆ ಕೂರಿಸಿಕೊಟ್ಟೆ.

"ಬೇರೆ ಅಂಗಡಿಯವರು ಇಷ್ಟೆಲ್ಲ ಮಾಡುವುದಿಲ್ಲ ಕಾಕಾ," ಎಂದೆ.

"ಅದಕ್ಕೇ ನಿಮ್ಮ ಹತ್ತಿರ ಬರುವುದು," ಎಂದರು.

ಕಣ್ಣಿಗೆ ಕಾಣುವುದನ್ನೆಲ್ಲ ಸರಿಪಡಿಸಿದ್ದೆ. ಇಂಜಿನ್ ಚಾಲೂ ಆಗಿತ್ತು. ಅದು ಹೇಗೆ ಚಾಲೂ ಇದೆ ಎಂದು ಒಂದು ನಿಮಿಷ ನಿಂತು ಕೇಳಿಸಿಕೊಳ್ಳಲಿಲ್ಲ, ಹಿಂದೆ ಟೆಂಪೋದಲ್ಲಿ ಆರು ಇನ್ವರ್ಟರ್ ಬ್ಯಾಟರಿ ಬಂದು ನಿಂತಿದ್ದವು.

ಸೋಮವಾರ ಕಾಕಾ ಒಬ್ಬರೇ ಬಂದರು. ಸಿಗ್ನಲ್ಲಿನಲ್ಲಿ ನಿಲ್ಲಿಸಲು ಕ್ಲಚ್ ಒತ್ತಿದರೆ ಇಂಜಿನ್ ನಡುಗಿ ಬಂದ್ ಬೀಳುತ್ತದೆ, ಎಸಿ ಹಾಕಿದ್ದರಂತೂ ಖಂಡಿತ ಬೀಳುತ್ತದೆ ಎಂದರು. ಮೀಟರ್ ಹಚ್ಚಿ ನೋಡಿದೆ. ಬಂದ್ ಇದ್ದಾಗ ಹನ್ನೆರಡು ಪಾಯಿಂಟ್ ಆರು ವೋಲ್ಟ್, ಚಾಲೂ ಇದ್ದಾಗ ಹದಿನಾಲ್ಕು ಪಾಯಿಂಟ್ ಒಂದು. ಎರಡೂ ಸರಿ. ಆದರೂ ಗಿರಾಕಿಯ ಸಮಾಧಾನಕ್ಕೆಂದು ಮೈನಸ್ ಬಿಚ್ಚಿ, ಟರ್ಮಿನಲ್ ಉಜ್ಜಿ, ಜೆಲ್ಲಿ ಹಚ್ಚಿ, ಬಿಗಿದು ಕೊಟ್ಟೆ. ಮೂರನೆಯ ಸಲ. ಎರಡು ದಿನದಲ್ಲಿ ಆ ಇಂಜಿನ್ನು ತಾನಾಗಿ ಏನಾದರೂ ಸುಧಾರಿಸಿಕೊಂಡಿದ್ದರೆ ಅದನ್ನೂ ನಾನು ಅಳಿಸಿ ಕಳಿಸಿದೆ.

ಹೋಗುವಾಗ ಒಂದು ಸಲಹೆಯನ್ನೂ ಕೊಟ್ಟೆ. "ನಿಂತಾಗ ಎಕ್ಸಲರೇಟರ್ ಮೇಲೆ ಕಾಲು ಹಗುರವಾಗಿ ಇಟ್ಟುಕೊಳ್ಳಿ ಕಾಕಾ. ಸ್ವಲ್ಪ ರೇಸ್ ಇದ್ದರೆ ಬಂದ್ ಬೀಳುವುದಿಲ್ಲ."

ಕಾಕಾ ಹಾಗೇ ಮಾಡಿದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ ಅವರು. ಸಿಗ್ನಲ್ಲು ದೊಡ್ಡದಿದ್ದರೆ ಪೆಟ್ರೋಲ್ ಸುಡಬಾರದೆಂದು ಇಂಜಿನ್ನನ್ನೇ ಆರಿಸುತ್ತಿದ್ದರು. ಸಣ್ಣದಿದ್ದರೆ ಎರಡು ಕಾಲಿನಿಂದ ಮೂರು ಪೆಡಲು ಸಂಭಾಳಿಸುತ್ತಿದ್ದರು.

ಎರಡು ವಾರದ ನಂತರ ಬಾಯಾರು ತಾವೇ ಕಾರಿನಲ್ಲಿ ಕೂತು ಬಂದರು. ಹಣೆಯ ಎಡಕ್ಕೆ ಪಟ್ಟಿ ಇತ್ತು. ಹಿಂದಿನ ದಿನ ಅವರು ವಾಸಿಸುವ ಫ್ಲ್ಯಾಟ್ ಸೊಸಾಯಿಟಿಯ ಪಾರ್ಕಿಂಗಿನ ಏರಿನಲ್ಲಿ ಇಂಜಿನ್ ಬಂದ್ ಬಿದ್ದು, ಸ್ಟಿಯರಿಂಗ್ ಬಿಗಿಯಾಗಿ, ಕಾರು ಹಿಂದಕ್ಕೆ ಜಾರಿ ಕಂಬಕ್ಕೆ ತಾಗಿತ್ತು. ಬಾಯಾರ ತಲೆ ಕಿಟಕಿಗೆ ಬಡಿದಿತ್ತು. ಗಾಯ ದೊಡ್ಡದಲ್ಲ. ಆದರೆ ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡವರು.

ಕಾಕಾ ಬಾನೆಟ್ ಎತ್ತಿ ಕಡ್ಡಿ ಆನಿಸಿ ಪಕ್ಕಕ್ಕೆ ನಿಂತರು. ಕೈಯಲ್ಲಿ ಗಾಜು ಒರೆಸುವ ಹಳದಿ ಬಟ್ಟೆ. ನಾನು ಮೀಟರ್ ಹಚ್ಚಿದೆ. ಅದೇ ಅಂಕಿ ಬಂತು.

ಬಾಯಾರು ಕಿಟಕಿ ಇಳಿಸಿ ಕನ್ನಡದಲ್ಲಿ ಕೇಳಿದರು, "ಏನ್ರೀ ಬ್ಯಾಟ್ರಿಯವರ, ನಿಮ್ಮ ಬ್ಯಾಟ್ರಿದ ದೋಷ ಇಲ್ಲ ಅಂತೀರಿ?"

ಪುಣೆಯಲ್ಲಿರುವ ನಮ್ಮವರಿಗೆಲ್ಲ ಒಂದು ಚಟ ಇದೆ. ಎದುರಿಗಿರುವವರ ಬಗ್ಗೆ ಏನಾದರೂ ಹೇಳಬೇಕಾದರೆ ಮರಾಠಿಯಿಂದ ಕನ್ನಡಕ್ಕೆ ಹೊರಳುತ್ತೇವೆ. ತರಕಾರಿ ಮಂಡಿಯಲ್ಲಿ, ಬಸ್ಸಿನಲ್ಲಿ, ಮನೆ ಮಾಲೀಕರ ಮುಂದೆ. ಬಾಗಿಲು ಮುಚ್ಚಿಕೊಂಡು ಮಾತಾಡಿದಷ್ಟು ಧೈರ್ಯ ಬರುತ್ತದೆ. ನಾನೂ ಹೊರಳಿದೆ.

"ಬ್ಯಾಟ್ರಿ ಶಂಭರ್ ಟಕ್ಕೆ, ನೂರಕ್ಕ ನೂರು ಸರಿ ಅದರಿ ಬಾಯಾರ. ಗಾಡಿದೇನೂ ತಪ್ಪಿಲ್ಲ. ಅವಂದs ಕಾಲು ಸರಿ ಇಲ್ಲ. ವಯಸ್ಸಾತು, ಕ್ಲಚ್ ಬಿಡೂ ಅಂದಾಜು ತಪ್ಪಾಕತ್ತದ. ಇವತ್ತ ಕಂಬ, ನಾಳೆ ಮನಷ್ಯಾರು. ನೀವು ಹಿಂದ ಕೂಡವರು. ಬ್ಯಾರೆ ಯಾರನರ ನೋಡ್ರಿ."

ಮರಾಠಿಯಲ್ಲಿ ಬಹುವಚನವಿಟ್ಟು ಕಾಕಾ ಎನ್ನುತ್ತಿದ್ದ ನಾನು ಕನ್ನಡದಲ್ಲಿ 'ಅವನದು' ಎಂದೆ. ಅವರಿಗೂ ನನಗೂ ನಡುವೆ ತೆರೆದ ಬಾನೆಟ್ಟಿನ ಅಂತರ ಮಾತ್ರ ಇತ್ತು.

ಬಾಯಾರು ಕಾಕಾರ ಕಡೆ ನೋಡಿ ಥಟ್ಟನೆ ಕೈ ಎತ್ತಿದರು. "ಸಾಕ್ರಿ, ಸಾಕ್ರಿ."

ಅವರಿಗೆ ನನ್ನ ಮಾತು ಒಪ್ಪಿಗೆಯಾಯಿತು ಎಂದುಕೊಂಡೆ. ಕಾಕಾ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಬಾನೆಟ್ ಮುಚ್ಚಿ, ಮರಾಠಿಯಲ್ಲಿ "ಹೋಗೋಣವೇ ಬಾಯಿ?" ಎಂದು ಕೇಳಿದರು. ಅಂಗಡಿಯಿಂದ ಹೊರಡುವಾಗ ಕಾರು ಒಂದು ಸಲ ಬಂದ್ ಬಿತ್ತು. ನಾನು ಬಾಯಾರಿಗೆ ಕಾಣುವ ಹಾಗೆ ತಲೆ ಅಲ್ಲಾಡಿಸಿದೆ.

ಒಂದು ತಿಂಗಳ ಮೇಲೆ ಬಾಯಾರ ಫೋನು ಬಂತು. ಮನೆಯ ಇನ್ವರ್ಟರಿಗೆ ಬ್ಯಾಟರಿ ಬೇಕಿತ್ತು. ಕಾರಿನ ಮಾತು ತಾವೇ ತೆಗೆದರು.

"ಹೊಸಾ ಡ್ರೈವರ್ ಬಂದಾನ್ರಿ. ದಿನಾ ಗಾಡಿ ಚಾಲೂ ಇಟ್ಟು ಎಸಿ ಹಾಕ್ಕೊಂಡು ಕೂಡ್ತಾನ, ಆದ್ರೂ ಗಾಡಿ ಒಮ್ಮೆನೂ ಬಂದ್ ಬಿದ್ದಿಲ್ಲ. ನೀವು ಹೇಳಿದ್ದs ಖರೆ ಆತು."

"ಕಾಕಾ ಏನ್ ಮಾಡ್ತಾರ್ರಿ?"

"ಅವತ್ತಿಂದ ಮೂರನೇ ದಿನ ಕೀ ತಂದು ಟೇಬಲ್ ಮ್ಯಾಲೆ ಇಟ್ರು. ನಾ ಇರ್ರಿ ಅಂದ್ರೂ ಕೇಳಲಿಲ್ಲ. 'ಬಾಯಿ, ನಿಮ್ಮ ತಲಿಗೆ ಪೆಟ್ಟು ಹತ್ತಿತು, ನನ್ನ ಕಾಲಿನ ಭರವಸೆ ನನಗs ಇಲ್ಲ' ಅಂತ ಊರಿಗೆ ಹೋದ್ರು."

"ಈ ಮಾತು ಅವರು ಕನ್ನಡದಾಗs ಹೇಳಿದ್ರೇನ್ರಿ?" ನಾನು ನಗುತ್ತಲೇ ಕೇಳಿದೆ.

ಅವರು ನಗಲಿಲ್ಲ. "ನಮ್ಮ ಮನ್ಯಾಗ ಹನ್ನೊಂದು ವರ್ಷ ಇದ್ದವರು. ನನ್ನ ತಂಗಿ ಬಂದ್ರ ಆಕಿ ಕೂಡ ಕನ್ನಡದಾಗs ಮಾತಾಡ್ತಿದ್ರು. ಅವತ್ತ ನಾ ನಿಮಗ ಸಾಕು ಸಾಕು ಅಂದದ್ದು ಯಾಕ ಅಂತ ಮಾಡೀರಿ?"

ಫೋನಿಟ್ಟ ಮೇಲೆ ಆ ದಿನ ನಾನಾಡಿದ ಒಂದೊಂದೇ ಮಾತನ್ನು ನೆನಪಿಸಿಕೊಂಡೆ. ನಾಚಿಕೆಯಾಯಿತು. ಆದರೆ ಪೂರ್ತಿ ಆಗಲಿಲ್ಲ. ಹೇಳಿದ ರೀತಿ ಒರಟು, ಹೇಳಿದ್ದು ನಿಜ ಎಂದು ಸಮಾಧಾನ ಮಾಡಿಕೊಂಡೆ. ಹೊಸ ಡ್ರೈವರನ ಕೈಯಲ್ಲಿ ಕಾರು ನಿಲ್ಲುತ್ತಿಲ್ಲವಲ್ಲ, ಅದಕ್ಕಿಂತ ಸಾಕ್ಷಿ ಏನು ಬೇಕು?

ಆ ಸಾಕ್ಷಿ ಹತ್ತೇ ದಿನ ಉಳಿಯಿತು. ಕಂಪನಿಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಿಶಿಯನ್ ಒಬ್ಬ ತನ್ನ ನೆಂಟರ ಕಾರಿಗೆ ಬ್ಯಾಟರಿ ಹಾಕಿಸಲು ಬಂದ. ಸೊಲ್ಲಾಪುರದವನು, ಕನ್ನಡ ಬರುತ್ತಿತ್ತು. ಕಾರು ಬಾಯಾರ ಕಾರಿನದೇ ಮಾಡೆಲ್. ಬ್ಯಾಟರಿ ಕೂರಿಸಿ ಗಡಿಯಾರ ಸರಿಪಡಿಸಿ ಕೀ ಕೊಟ್ಟೆ. ಅವನು ಇಂಜಿನ್ ಚಾಲೂ ಮಾಡಿ, ಹೊರಗೆ ಬಂದು ಕಟ್ಟೆಯ ಮೇಲೆ ಕೂತ.

"ಏನೋ ಮಾರಾಯಾ, ಪೆಟ್ರೋಲ್ ನಿಮ್ಮ ಮಾವನ ಬಾವಿಯಾಗಿಂದ ಬರ್ತದೇನು? ತಗೊಂಡು ಹೋಗು, ಜಾಗಾ ಬೇಕು," ಎಂದೆ.

"ಹದಿನೈದು ನಿಮಿಷ ತಡೀರಿ ಅಣ್ಣಾ. ಕಲೀಲಿ."

"ಏನ್ ಕಲಿಯೂದು?"

"ಐಡಲಿಂಗ್." ನನ್ನ ಮುಖ ನೋಡಿ, "ಇಷ್ಟು ವರ್ಷ ಬ್ಯಾಟ್ರಿ ಹಾಕೀರಿ, ಇದು ಗೊತ್ತಿಲ್ಲೇನು?" ಎಂದ.

ಅವನು ಹೇಳಿದ್ದು ಇಷ್ಟು. ಪೆಡಲು ಬಿಟ್ಟಾಗ ಇಂಜಿನ್ ಬಂದ್ ಬೀಳದಂತೆ ಎಷ್ಟು ಗಾಳಿ ಬಿಡಬೇಕೆಂದು ಇಂಜಿನ್ನಿನ ಕಂಪ್ಯೂಟರ್ ನಿರ್ಧರಿಸುತ್ತದೆ. ವರ್ಷಗಳು ಕಳೆದಂತೆ ಗಾಳಿಯ ದಾರಿಯಲ್ಲಿ ಮಸಿ ಕಟ್ಟುತ್ತದೆ. ಕಂಪ್ಯೂಟರ್ ಅದಕ್ಕೆ ತಕ್ಕಂತೆ ದಾರಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆಯುತ್ತ ಆ ಲೆಕ್ಕವನ್ನು ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿಯ ವೈರು ಬಿಚ್ಚಿದರೆ ನೆನಪು ಹೋಗುತ್ತದೆ. ಕಂಪ್ಯೂಟರ್ ಹೊಸ ಕಾರಿನ ಲೆಕ್ಕಕ್ಕೆ ಹಿಂದಿರುಗುತ್ತದೆ, ಮಸಿ ಮಾತ್ರ ಇದ್ದಲ್ಲೇ ಇರುತ್ತದೆ. ಗಾಳಿ ಸಾಲದೆ ಇಂಜಿನ್ ನಿಲ್ಲುತ್ತದೆ. ಪರಿಹಾರ ಸುಲಭ: ಇಂಜಿನ್ ಬಿಸಿಯಾಗಿ ಫ್ಯಾನು ಒಮ್ಮೆ ತಿರುಗುವವರೆಗೆ, ಆಮೇಲೆ ಎಸಿ ಇಲ್ಲದೆ ಹತ್ತು ನಿಮಿಷ, ಎಸಿ ಹಾಕಿ ಐದು ನಿಮಿಷ, ಪೆಡಲು ಮುಟ್ಟದೆ ಬಿಡಬೇಕು.

ನಾನು ಎರಡು ಪ್ರಶ್ನೆ ಕೇಳಿದೆ. ಕೇಳುವಾಗಲೇ ಉತ್ತರ ತಿಳಿದಿತ್ತು.

"ನಿಂತಾಗೆಲ್ಲ ಡ್ರೈವರ್ ರೇಸ್ ಹಿಡಿದಿದ್ರ?"

"ಪೆಡಲ್ ಬಿಟ್ರs ಅದು ಕಲಿಯೂದು. ಕಾಲಿಟ್ಕೊಂಡ್ರ ವರ್ಷ ಆದ್ರೂ ಕಲಿಯೂದಿಲ್ಲ. ಯಾವ ಶಾಣ್ಯಾ ಹಂಗ ಹೇಳಿದ?"

"ಯಾರೋ ಹೇಳಿದ್ದ. ಮತ್ತ ಡ್ರೈವರ್ ಎಸಿ ಹಾಕ್ಕೊಂಡು ಗಾಡಿ ಚಾಲೂ ಇಟ್ಟು ಕೂತಿದ್ರ?"

"ತಾನs ಕಲೀತದ."

ಅವನು ಹೋದ ಮೇಲೆ ಕಾರಿನ ಆ ಕೈಪಿಡಿ ನೆನಪಾಯಿತು. ಚೌಕಟ್ಟಿನೊಳಗೆ ಇದ್ದದ್ದು ಇದೇ ಇರಬೇಕು. ಅದು ನನ್ನ ಕೈಯಲ್ಲಿ ತೆರೆದಿತ್ತು.

ಎರಡು ದಿನ ಏನೂ ಮಾಡಲಿಲ್ಲ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಆ ಎರಡು ದಿನವೂ ನಡೆದದ್ದೇ. ಕಾರು ಈಗ ಸರಿಯಾಗಿದೆ, ಬಾಯಾರಿಗೆ ತೊಂದರೆಯಿಲ್ಲ, ಕಾಕಾ ಹೇಗೂ ನಿವೃತ್ತಿಯ ವಯಸ್ಸಿನವರು ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಎದುರಿಗೆ ಹೋಗುವ ಬದಲು ಬರೀ ಫೋನಿನಲ್ಲಿ ಕ್ಷಮೆ ಕೇಳಿದರೆ ಸಾಕೇ ಎಂದೂ ಯೋಚಿಸಿದೆ. ಆದರೆ ಒಂದು ತಿಂಗಳಿಂದ ನಿಲ್ಲದೆ ಓಡುತ್ತಿರುವ ಕಾರಿನ ಮುಂದೆ ನನ್ನ ಮಾತಿಗೆ ಏನು ಬೆಲೆ? ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದೇ ಯಾರಾದರೂ ತಿಳಿಯುತ್ತಾರೆ. ಕೆಡಿಸಿದ್ದನ್ನು ಮತ್ತೊಮ್ಮೆ ಕಣ್ಣೆದುರು ಕೆಡಿಸಿ ತೋರಿಸಬೇಕಿತ್ತು.

ಮೂರನೆಯ ದಿನ ಪಾನಾ ಹಿಡಿದು ಬಾಯಾರ ಸೊಸಾಯಿಟಿಗೆ ಹೋದೆ. ಹೊಸ ಡ್ರೈವರ್ ಗೇಟಿನ ಹತ್ತಿರ ಕಾರಿನೊಳಗೆ ಎಸಿ ಹಾಕಿಕೊಂಡು ಪೇಪರ್ ಓದುತ್ತ ಕೂತಿದ್ದ. ಬಾಯಾರು ವಾಕರ್ ಹಿಡಿದು ಕೆಳಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. 

"ಈಗ ಏನ್ ಮಾಡಬೇಕಂತೀರಿ?" ಎಂದರು ಕೊನೆಗೆ.

"ಹತ್ತು ನಿಮಿಷ ವೈರ್ ಬಿಚ್ಚಿ ಇಡ್ತೀನ್ರಿ. ಆಮ್ಯಾಲೆ ಇವರು ಏರಿನ ಮ್ಯಾಲೆ ನಡಸ್ಲಿ. ನೀವು ಒಳಗ ಕೂಡಬ್ಯಾಡ್ರಿ."

ನಾಲ್ಕನೆಯ ಸಲ ಮೈನಸ್ ಬಿಚ್ಚಿದೆ. ಕೈಗಡಿಯಾರ ನೋಡಿ ಹತ್ತು ನಿಮಿಷವಾದ ಮೇಲೆ ಹಾಕಿದೆ. ಹೊಸ ಡ್ರೈವರ್ ಎಸಿ ಹಾಕಿ ಏರಿನವರೆಗೆ ಹೋಗಿ, ಗೇಟು ತೆಗೆಯಲೆಂದು ಕ್ಲಚ್ ಒತ್ತಿ ನಿಲ್ಲಿಸಿದ. ಇಂಜಿನ್ನಿನ ವೇಗ ತೋರಿಸುವ ಮುಳ್ಳು ಇಳಿಯಿತು, ಬಾನೆಟ್ಟು ನಡುಗಿತು, ಇಂಜಿನ್ ನಿಂತಿತು. ಕಾರು ಒಂದು ಗೇಣು ಹಿಂದೆ ಜಾರಿತು. ಅವನು ಹ್ಯಾಂಡ್‌ಬ್ರೇಕ್ ಎಳೆದು ಕಿಟಕಿಯಿಂದ ತಲೆ ಹಾಕಿದ.

"ಮೀ ಕಾಹೀ ಕೇಲಂ ನಾಹೀ!" ನಾನು ಏನೂ ಮಾಡಿಲ್ಲ ಎಂದು ಕೂಗಿದ.

"ಗೊತ್ತದ," ಎಂದರು ಬಾಯಾರು, ಕನ್ನಡದಲ್ಲೇ.

ಎರಡನೆಯ ಸಲವೂ ನಿಂತಿತು. ಆಮೇಲೆ ನಾನು ಕಾರನ್ನು ಸಮತಟ್ಟು ಜಾಗಕ್ಕೆ ತರಿಸಿ, ಫ್ಯಾನು ತಿರುಗುವವರೆಗೆ ಕಾದು, ಎಸಿ ಇಲ್ಲದೆ ಹತ್ತು ನಿಮಿಷ, ಎಸಿ ಹಾಕಿ ಐದು ನಿಮಿಷ ಬಿಟ್ಟೆ. ಬಾಯಾರು ಅಷ್ಟು ಹೊತ್ತೂ ವಾಕರ್ ಮೇಲೆ ಭಾರ ಹಾಕಿ ನಿಂತೇ ಇದ್ದರು. ಕುರ್ಚಿ ತರಿಸಲೇ ಎಂದರೆ ಬೇಡ ಎಂದರು. ಮೊದಲು ಐನೂರರ ಹತ್ತಿರ ನಡುಗುತ್ತಿದ್ದ ಮುಳ್ಳು ಮೆಲ್ಲಗೆ ಎಂಟುನೂರಕ್ಕೆ ಬಂದು ನಿಂತಿತು. ಮತ್ತೆ ಏರಿನ ಮೇಲೆ ನಾಲ್ಕು ಸಲ ನಿಲ್ಲಿಸಿ ನೋಡಿದೆವು. ಬಂದ್ ಬೀಳಲಿಲ್ಲ.

"ಮೂವತ್ತು ವರ್ಷ ಲ್ಯಾಬಿನ್ಯಾಗ ಹುಡುಗೀರಿಗೆ ಹೇಳೀನಿ, ಏನ್ ಬದಲಾತು ಅಂತ ಮೊದಲ ನೋಡ್ರಿ ಅಂತ," ಎಂದರು ಬಾಯಾರು. "ಬದಲಾದದ್ದು ಬ್ಯಾಟ್ರಿ ಒಂದs. ಕಾಲು ಹನ್ನೊಂದು ವರ್ಷದಿಂದ ಅದs ಇತ್ತು. ನಾನೂ ಕೇಳಲಿಲ್ಲ."

ಶಿರೂರಿನ ವಿಳಾಸ ಬರೆದುಕೊಟ್ಟರು. "ಫೋನಿನ್ಯಾಗ ಹೇಳಬ್ಯಾಡ್ರಿ. ಹೋಗಿ ಹೇಳ್ರಿ."

ಮರುದಿನ ಅಂಗಡಿ ಮುಚ್ಚಿ ಎಸ್‌ಟಿ ಬಸ್ಸು ಹತ್ತಿದೆ. ಕಾಕಾ ತಮ್ಮನ ಹಿಟ್ಟಿನ ಗಿರಣಿಯಲ್ಲಿದ್ದರು. ಮೈಮೇಲೆಲ್ಲ ಜೋಳದ ಹಿಟ್ಟು. ಡಬ್ಬಿ ಹಿಡಿದ ನಾಲ್ಕೈದು ಹೆಂಗಸರು ಸಾಲಾಗಿ ಕೂತಿದ್ದರು. ಕಾಕಾ ನನ್ನನ್ನು ಗುರುತಿಸಿ, ಮೂಲೆಯ ಸ್ಟೂಲು ತೋರಿಸಿ, ನೀರು ಕೊಟ್ಟರು. ಗಿರಣಿಯ ಸದ್ದಿನಲ್ಲಿ ಅವರ ಕಿವಿಯ ಹತ್ತಿರ ಬಾಗಿ ಹೇಳಬೇಕಾಯಿತು. ನಾನು ಕನ್ನಡದಲ್ಲಿ ಹೇಳಿದೆ, ಈ ಸಲ ಬಹುವಚನದಲ್ಲಿ. ವೈರು, ಮಸಿ, ರೇಸು, ನನ್ನ ಸಲಹೆ, ಹೊಸ ಡ್ರೈವರನ ಕೈಯಲ್ಲೂ ನಿಂತ ಇಂಜಿನ್ನು, ಎಲ್ಲ.

ಅವರು ಪಕ್ಕದಲ್ಲಿ ಕೂತು ತಮ್ಮ ಎಡಗಾಲನ್ನು ಚಾಚಿ ನೋಡಿಕೊಂಡರು. ಆಮೇಲೆ ಕನ್ನಡದಲ್ಲೇ ಮಾತಾಡಿದರು, ಅಲ್ಲಲ್ಲಿ ತಡವರಿಸುತ್ತ.

"ದವಾಖಾನಿಗೆ ಹೋಗಿದ್ದೆ. ಶುಗರ್ ನೋಡಿದ್ರು. ಕಾಲಿಗೆ ಸೂಜಿ ಚುಚ್ಚಿ ನೋಡಿದ್ರು. ಎಲ್ಲಾ ಬರೋಬರ್ ಅದ ಅಂದ್ರು. ನನಗ ಡಾಕ್ಟರ್ ಮ್ಯಾಲೆ ವಿಶ್ವಾಸ ಬರಲಿಲ್ಲ. ನಿಮ್ಮ ಮ್ಯಾಲೆ ಇತ್ತು. ಲೈಸನ್ಸಿನ ತಾರೀಖು ಮುಗೀತು. ರಿನ್ಯೂ ಮಾಡಿಸಲಿಲ್ಲ."

ಬಾಯಾರು ಕರೆಯುತ್ತಿದ್ದಾರೆ, ಲೈಸನ್ಸಿನ ಕೆಲಸಕ್ಕೆ ನಾನು ಓಡಾಡುತ್ತೇನೆ ಎಂದೆ. ಕಾಕಾ ಬೇರೆ ಮಾತು ತೆಗೆದರು.

"ಅವತ್ತ ನೀವು ಮರಾಠಿದಾಗ ಹೇಳಿದ್ರ ನಾ ನಿಮ್ಮ ಕೂಡ ಜಗಳಾ ಮಾಡ್ತಿದ್ದೆ," ಎಂದರು. "ನಡೀರಿ, ಬಾಜೂಕ ಕೂಡ್ರಿ, ನನ್ನ ಕಾಲು ನೋಡ್ರಿ ಅಂತಿದ್ದೆ. ನೀವು ಕನ್ನಡದಾಗ ಹೇಳಿದ್ರಿ. ನನಗ ತಿಳಿಯೂದಿಲ್ಲ ಅಂತ ಹೇಳಿದ್ರಿ. ಹಂಗಾರ ನಾ ಹ್ಯಾಂಗ ಮಾತಾಡಲಿ? ಕೇಳಿಲ್ಲ ಅಂತ ನಿಲ್ಲಬೇಕಾತು."



ಅವರು ಎದ್ದು ತಮ್ಮನ ಹತ್ತಿರ ಹೋಗಿ ಏನೋ ಅಂದರು. ತಮ್ಮ ಯಂತ್ರದ ಪಟ್ಟಾ ಸರಿಸಿ ಗಿರಣಿ ನಿಲ್ಲಿಸಿದ. ಸದ್ದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೆಂಗಸರು ನಮ್ಮ ಕಡೆ ತಿರುಗಿದರು.

"ಈಗ ಹೇಳ್ರಿ," ಎಂದರು ಕಾಕಾ. "ಮರಾಠಿದಾಗ ಹೇಳ್ರಿ. ಇವರಿಗೆಲ್ಲ ನಾನು ನನ್ನ ಕಾಲು ಹೋತು ಅಂತ ಹೇಳೀನಿ."

ನಾನು ಎದ್ದು ನಿಂತು ಮರಾಠಿಯಲ್ಲಿ ಹೇಳಿದೆ. ಕಾರು ನಿಲ್ಲುತ್ತಿದ್ದದ್ದು ಇವರ ಕಾಲಿನಿಂದಲ್ಲ. ಬ್ಯಾಟರಿ ಬದಲಿಸಿದ ಮೇಲೆ ಮಾಡಬೇಕಾದ ಕೆಲಸವನ್ನು ನಾನು ಮಾಡಲಿಲ್ಲ. ತಪ್ಪು ಸಲಹೆ ಕೊಟ್ಟೆ. ಆಮೇಲೆ ಇವರ ಎದುರಿಗೇ, ಇವರಿಗೆ ತಿಳಿಯುವುದಿಲ್ಲವೆಂದುಕೊಂಡು, ಇವರ ಕಾಲು ಸರಿಯಿಲ್ಲ ಎಂದು ಹೇಳಿದೆ.

ಮುಂದೆ ಕೂತಿದ್ದ ಮುದುಕಿಯೊಬ್ಬಳಿಗೆ ಕಿವಿ ಮಂದ. ಏನಂತೆ ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ನನ್ನ ಕಡೆ ನೋಡಿದಳು. ನಾನು ಒಂದು ಹೆಜ್ಜೆ ಮುಂದೆ ಬಂದು ಎಲ್ಲವನ್ನೂ ಮೊದಲಿನಿಂದ, ಜೋರಾಗಿ, ಇನ್ನೊಮ್ಮೆ ಹೇಳಿದೆ.

"ಅಂದರೆ ಇವನ ಕಾಲು ಚೆನ್ನಾಗಿದೆಯೇನಪ್ಪಾ?" ಎಂದಳು ಮುದುಕಿ.

"ಚೆನ್ನಾಗಿದೆ ಆಜೀ," ಎಂದೆ.

ಕಾಕಾ ತಲೆ ಬಗ್ಗಿಸಿ ಅಂಗಿಯ ಮೇಲಿನ ಹಿಟ್ಟು ಕೊಡವಿಕೊಂಡರು. ಆಮೇಲೆ ಅವಳ ಡಬ್ಬಿಯನ್ನು ಕೈಗೆತ್ತಿಕೊಂಡು, ಗಿರಣಿ ಹಚ್ಚು ಎಂದು ತಮ್ಮನಿಗೆ ಹೇಳಿದರು.